ನಾಲ್ಕನೆಯವರ ಲೆಕ್ಕ

ಸರಸಂಬಾ ಕಡೆಯ ಜಾತ್ರೆಗಳಲ್ಲಿ ಕುಸ್ತಿ ಶುರುವಾಗುವುದು ತೆಂಗಿನಕಾಯಿಯಿಂದ. ಒಂದು ಕಾಯಿಗಾಗಿ ಎಂಟು ಹತ್ತು ವರ್ಷದ ಹುಡುಗರು ಮೈತುಂಬ ಮಣ್ಣು ಮೆತ್ತಿಕೊಂಡು ಹೆಣಗುತ್ತಾರೆ. ಹೊತ್ತು ಇಳಿದಂತೆ ಇನಾಮು ಏರುತ್ತದೆ. ಕೊನೆಗೆ ಬೆಳ್ಳಿ ಕಡಗದ ಜೋಡಿ ಇಳಿದಾಗ ಹಲಗೆಯವನ ಕೈ ಬಿರುಸಾಗುತ್ತದೆ. ಬೆನ್ನು ಮಣ್ಣಿಗೆ ತಾಗಿದವನು ಸೋತ. ಯಾರ ಬೆನ್ನೂ ತಾಗದೆ ಕತ್ತಲಾದರೆ ಪಂಚರು ನಡುವೆ ಬಂದು ಬಿಡಿಸಿ, ‘ಬರಾಬರ್’ ಎಂದು ಇಬ್ಬರ ಕೈಯನ್ನೂ ಎತ್ತುತ್ತಾರೆ. ಇನಾಮು ಅರ್ಧರ್ಧ.

2024ರ ಆಗಸ್ಟಿನಲ್ಲಿ ಅಲ್ಲಿನ ಚಹಾದಂಗಡಿಯೊಂದರಲ್ಲಿ ಕೂತಿದ್ದೆ. ಪಕ್ಕದಲ್ಲಿ ಹಳೆಯ ಪೈಲ್ವಾನರೊಬ್ಬರು. ಕಿವಿ ಮುದುಡಿ ಗಟ್ಟಿಯಾಗಿದ್ದವು, ಬೇರೆ ಗುರುತು ಬೇಕಿರಲಿಲ್ಲ. ಪ್ಯಾರಿಸ್ ಒಲಿಂಪಿಕ್ಸಿನ ಮಾತು ಬಂತು. ಆರು ಕಡೆ ನಮ್ಮವರು ನಾಲ್ಕನೆಯವರಾದರು ಮುತ್ಯಾ, ಅಂದೆ.

“ನಾಕನೇ ನಂಬರಂದ್ರ ಹೆಂಗ್ರಿ ಸಾಹೇಬ್ರ? ಒಬ್ಬ ಗೆದ್ದಾನ, ಒಬ್ಬ ಸೋತಾನ. ನಡುವ ಇವ ಎಲ್ಲಿಂದ ಬಂದ?”

ಪದಕಪಟ್ಟಿಗೂ ಇದಕ್ಕೆ ಉತ್ತರ ಗೊತ್ತಿಲ್ಲ. ಭಾರತದಿಂದ ಹೋದವರು 117 ಮಂದಿ, ತಂದದ್ದು ಒಂದು ಬೆಳ್ಳಿ, ಐದು ಕಂಚು, ಸಿಕ್ಕ ಸ್ಥಾನ 71. ಪಾಕಿಸ್ತಾನಕ್ಕೆ ಬಂದದ್ದು ಒಂದೇ ಪದಕ. ಆದರೆ ಅದು ಅರ್ಷದ್ ನದೀಮ್ 92.97 ಮೀಟರ್ ಜಾವೆಲಿನ್ ಎಸೆದು ಗೆದ್ದ ಚಿನ್ನ. ಹಾಗಾಗಿ ಅದರ ಸ್ಥಾನ 62. ಚಿನ್ನವನ್ನೇ ಮೊದಲು ಎಣಿಸುವ ಪಟ್ಟಿಯಲ್ಲಿ ಆರಕ್ಕಿಂತ ಒಂದು ದೊಡ್ಡದು. ನೀರಜ್ ಚೋಪ್ರಾ 89.45 ಮೀಟರ್ ಎಸೆದರೂ ನಮ್ಮನ್ನು ಮೇಲೆತ್ತಲಾಗಲಿಲ್ಲ. ಒಬ್ಬನ ಒಂದು ಎಸೆತವನ್ನು ಇಡೀ ದೇಶದ ತೂಕ ಎಂದು ಓದುವ ಈ ಚಟ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಒಂದು ಪದಕ ಒಬ್ಬರ ಪವಾಡವೂ ಆಗಿರಬಹುದು. ಎಷ್ಟು ಜನ ಹೊಸ್ತಿಲವರೆಗೆ ನಡೆದು ಬಂದರು ಎಂದು ತಿಳಿಯಬೇಕಾದರೆ ನಾಲ್ಕನೆಯವರನ್ನೇ ಕೇಳಬೇಕು. ಶೂಟಿಂಗಿನ ಸ್ಕೀಟ್ ಮಿಶ್ರ ಜೋಡಿ 43-44ರಲ್ಲಿ ಕಂಚು ಕಳೆದುಕೊಂಡಿತು. ಬ್ಯಾಡ್ಮಿಂಟನ್ನಿನ ಕಂಚಿನ ಪಂದ್ಯದಲ್ಲಿ ಲಕ್ಷ್ಯ ಸೇನ್ ಮೊದಲ ಗೇಮ್ ಗೆದ್ದೂ ಸೋತರು. ಎರಡು ಕಂಚು ಕೊರಳಿಗೆ ಹಾಕಿಕೊಂಡಿದ್ದ ಶೂಟರ್ ಮನು ಭಾಕರ್ ತಮ್ಮ ಮೂರನೆಯ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಅದಕ್ಕೂ ಮೊದಲು ಟೋಕಿಯೊದಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್, ನಾಲ್ಕು ದಿನ ಗಾಲ್ಫ್ ಆಡಿ, ಒಂದೇ ಹೊಡೆತದಿಂದ ಪದಕ ಬಿಟ್ಟರು. ಆ ನಾಲ್ಕು ದಿನ ಗಾಲ್ಫಿನ ಗಂಧವಿಲ್ಲದವರೂ ಬೆಳಿಗ್ಗೆ ಎದ್ದು ಟಿವಿ ಮುಂದೆ ಕೂತಿದ್ದರು. ನಾನೂ ಒಬ್ಬ.

ಈ ನಾಲ್ಕು ಹೊಸದೂ ಅಲ್ಲ. 1920ರಲ್ಲಿ ಆಂಟ್ವರ್ಪಿಗೆ ಹೋದ ಭಾರತದ ಮೊದಲ ತಂಡದಲ್ಲಿ ಇದ್ದವರು ಆರೇ ಜನ. ಪುಣೆಯ ಡೆಕ್ಕನ್ ಜಿಮ್ಖಾನಾದ ಆಟೋಟದಲ್ಲಿ ಬರಿಗಾಲಲ್ಲಿ ಓಡುವ ರೈತರನ್ನು ಕಂಡು ದೊರಾಬ್ಜಿ ಟಾಟಾ ಮನಸ್ಸು ಮಾಡಿದ್ದರಿಂದ ಹೊರಟ ತಂಡ ಅದು. ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನಿನಲ್ಲಿ 19ನೆಯವರಾದರು. ಆ ಸಲದ ದೂರ ಮಾಮೂಲಿಗಿಂತ ಹೆಚ್ಚು, 42.75 ಕಿಲೋಮೀಟರ್. ಕುಸ್ತಿಯಲ್ಲಿ ರಣಧೀರ ಶಿಂಧೆ ನಾಲ್ಕನೆಯವರು. ಕುಸ್ತಿಯ ಕಂಚಿಗೆ ಮುಂದೆ 32 ವರ್ಷ ಕಾಯಬೇಕಾಯಿತು. 1952ರಲ್ಲಿ ಹೆಲ್ಸಿಂಕಿಯಿಂದ ಅದನ್ನು ತಂದವರು ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್. ಮುತ್ಯಾನಿಗೆ ಶಿಂಧೆಯ ಹೆಸರು ಗೊತ್ತಿರಲಿಲ್ಲ, ಜಾಧವರದು ಗೊತ್ತಿತ್ತು.

ಹಾಗೆಂದು ನಾಲ್ಕನ್ನು ಮುದ್ದು ಮಾಡುತ್ತ ಕೂರುವುದೂ ಬೇಡ. ಆರು ಸಲ ಬಾಗಿಲ ತನಕ ಹೋಗಿ ಹಿಂದಿರುಗಿದರೆ ಕಡೆಯ ಗಳಿಗೆಯಲ್ಲಿ ಏನೋ ಕಡಿಮೆ ಬೀಳುತ್ತಿದೆ ಎಂದೇ ಅರ್ಥ. ಆದರೂ ಪಂಚರ ಬರಾಬರ್ ನ್ಯಾಯ ಒಂದು ಸರ್ಕಾರಕ್ಕಾದರೂ ಹೊಳೆಯಿತು: ಟೋಕಿಯೊದಲ್ಲಿ ನಾಲ್ಕನೆಯದಾದ ಮಹಿಳಾ ಹಾಕಿ ತಂಡದಲ್ಲಿದ್ದ ತನ್ನ ಒಂಬತ್ತು ಆಟಗಾರ್ತಿಯರಿಗೆ ಹರಿಯಾಣ ತಲಾ 50 ಲಕ್ಷ ರೂಪಾಯಿ ಕೊಟ್ಟಿತು.

ಮುತ್ಯಾನಿಗೆ ಪ್ಯಾರಿಸ್ಸಿನಲ್ಲಿ ನಾಲ್ಕನೆಯವಳಾದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಕತೆ ಹೇಳಿದೆ. ಎರಡು ಬಗೆಯ ಎತ್ತುವಿಕೆ ಕೂಡಿ ಆಕೆಯದು 199 ಕಿಲೋ, ಕಂಚು ಗೆದ್ದವಳದು 200. ಕೊನೆಯ ಸರದಿಗೆ 114 ಕಿಲೋ ಹಾಕಿಸಿಕೊಂಡಳು, ಆಗಲಿಲ್ಲ.

“ಕಾಲು ಜಾರಿತೋ, ಕೈ ಸೋತಿತೋ?”

ಉತ್ತರ ನನ್ನಲ್ಲಿರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಅಂಕಿ ಓದಿದ್ದೆ ಅಷ್ಟೆ. ಮೊಬೈಲಿನಲ್ಲಿ ವಿಡಿಯೊ ಹುಡುಕಿ ಕೊಟ್ಟೆ. ಕೈ ಚಾಚಿ ದೂರ ಹಿಡಿದು ನೋಡಿದರು. ಮುಗಿದ ಮೇಲೆ, ಇನ್ನೊಮ್ಮೆ ಹಚ್ಚ್ರಿ ಅಂದರು. ಚಹಾ ಆರಿಹೋಗಿತ್ತು.