ಬಂಡಿಯ ಮೇಲೊಂದು ಬಂಡಿ

ಕನ್ನಡ ಸಾಹಿತ್ಯವನ್ನೋದಿ, ಅದನ್ನೇ ಪಾಠ ಹೇಳಿ ಜೀವನ ಸಾಗಿಸುವವನೊಬ್ಬನು ಈ ವಾರ ಟ್ರೇಲರಿನ ವಿಷಯವನ್ನೆತ್ತಿಕೊಂಡಿರುವುದನ್ನು ಕಂಡು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಪಂಪ ರನ್ನರ ನಡುವೆ ಕಾಲ ಕಳೆಯಬೇಕಾದವನಿಗೆ ಅಚ್ಚು, ಕೊಂಡಿ, ಚಕ್ರಗಳ ಗೊಡವೆ ಏತಕ್ಕೆ? ಆದರೆ ಸಂಸಾರವೆಂಬುದು ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಶಾಸ್ತ್ರವನ್ನು ಕಲಿಸೀತೆಂದು ಹೇಳಬರುವಂತಿಲ್ಲ. ಕಳೆದ ವರ್ಷದ ಮಾಘಮಾಸದಲ್ಲಿ ಅದು ನನಗೆ ಕಲಿಸಿದ್ದು ಭಾರದ ಶಾಸ್ತ್ರವನ್ನು.

ನಮ್ಮ ತಂದೆಯವರು ಕೂಡ್ಲಿಗಿಯಲ್ಲಿ ಶಾಲಾ ಮಾಸ್ತರರಾಗಿದ್ದರು. 1996ರಲ್ಲಿ ಅವರು ಕಂತಿನ ಸಾಲ ಮಾಡಿ ಒಂದು ಮಾರುತಿ 800 ಕಾರನ್ನು ಕೊಂಡರು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಗಿರಾಕಿಯ ಕೈ ಸೇರಿ, 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ವಾಹನವು ನಮ್ಮ ದೇಶದ ಎಷ್ಟೋ ಮಧ್ಯಮವರ್ಗದ ಮನೆಗಳಿಗೆ ಮೊಟ್ಟಮೊದಲ ಕಾರಾಗಿತ್ತಷ್ಟೆ. ನಮ್ಮ ಮನೆಗೂ ಹಾಗೆಯೇ. ಹೂವಿನಹಡಗಲಿಯಲ್ಲಿರುವ ಅಕ್ಕನ ಮನೆಯಿಂದ ಬುಟ್ಟಿಗಟ್ಟಲೆ ಮಲ್ಲಿಗೆ ಅದರಲ್ಲಿ ಬಂದಿತು; ಕೊಟ್ಟೂರಿನ ತೇರಿಗೂ ಮೈಲಾರದ ಕಾರಣಿಕಕ್ಕೂ ಅದರಲ್ಲಿ ಆರು ಜನ ಒತ್ತಿಕೊಂಡು ಹೋಗಿಬಂದೆವು. ತಂದೆಯವರು ತೀರಿಕೊಂಡ ಮೇಲೆ ಎಂಟು ವರ್ಷ ಅದು ಹಿತ್ತಿಲಿನ ತಗಡಿನ ಚಪ್ಪರದಡಿಯಲ್ಲಿ ನಿಂತೇ ಇತ್ತು. ತಾಯಿಯವರು ಪ್ರತಿ ಶುಕ್ರವಾರ ಅದರ ಗಾಜನ್ನೊರೆಸಿ, ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು ಬರುತ್ತಿದ್ದರು.

ಹಳೆಯ ಮನೆಯನ್ನು ಕೊಟ್ಟು ತಾಯಿಯವರನ್ನು ಹರಪನಹಳ್ಳಿಯ ನಮ್ಮ ಮನೆಗೆ ಕರೆತರುವ ಮಾತು ಬಂದಾಗ ಅವರು ಒಂದೇ ಕರಾರು ಹಾಕಿದರು:

“ಗಾಡಿ ಬಂದರೆ ನಾನೂ ಬರುತ್ತೇನೆ. ಅದನ್ನು ಗುಜರಿಗೆ ಹಾಕಿ ನನ್ನನ್ನು ಕರೆಯಬೇಡ.”

ನಾನು ಹೂಂ ಎಂದೆ. ಎಂದ ಮೇಲೆ ಯೋಚನೆ ಹತ್ತಿತು. ಕಾರಿನ ಟೈರುಗಳು ಬಿರಿದಿದ್ದವು, ಬ್ರೇಕನ್ನು ನಂಬುವಂತಿರಲಿಲ್ಲ, ಹದಿನೈದು ವರ್ಷಗಳ ನೋಂದಣಿ ಮುಗಿದ ಬಳಿಕ ಐದು ವರ್ಷಕ್ಕೆ ನವೀಕರಿಸಿದ್ದ ಅವಧಿಯೂ ತೀರಿತ್ತು. ಹಗ್ಗ ಕಟ್ಟಿ ಎಳೆದೊಯ್ಯುವುದು ಹುಚ್ಚುತನ. ಅದನ್ನು ಇನ್ನೊಂದರ ಮೇಲೆ ಕೂರಿಸಿಯೇ ಕೊಂಡೊಯ್ಯಬೇಕು. ಯಾವುದರ ಮೇಲೆ?

ಮೊದಲು ತೋರಿದ್ದು ಟ್ರಾಕ್ಟರಿನ ಟ್ರೇಲರು. ನಮ್ಮ ಐದೂ ತಾಲ್ಲೂಕುಗಳಲ್ಲಿ ಅದಕ್ಕೆ ಬರವಿಲ್ಲ. ಮೆಕ್ಕೆಜೋಳ, ಶೇಂಗಾ ಹೇರಿಕೊಂಡು ಹಗಲಿರುಳೂ ಓಡಾಡುತ್ತಿರುತ್ತವೆ. ಆದರೆ ಅದರ ಹಾಸು ಎದೆಯೆತ್ತರ. ಅಲ್ಲಿಗೆ ಕಾರನ್ನು ಏರಿಸಬೇಕಾದರೆ ಮಣ್ಣಿನ ದಿಬ್ಬವನ್ನೇ ಹುಡುಕಬೇಕು. ಅದಕ್ಕಿಂತ ಮುಖ್ಯವಾಗಿ, ಭಾರ ಎತ್ತರದಲ್ಲಿ ಕುಳಿತಷ್ಟೂ ವಾಲುವ ಭಯ ಹೆಚ್ಚು. ಕೊಟ್ಟೂರಿನವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಬಸವೇಶ್ವರನ ತೇರು ಸಾವಿರಾರು ಭಕ್ತರ ಕಣ್ಣೆದುರಿನಲ್ಲಿಯೇ ವಾಲಿ ನೆಲಕ್ಕುರುಳಿ, ಹಲವರು ಗಾಯಗೊಂಡರು. ಚಕ್ರದ ಅಚ್ಚು ಮುರಿದದ್ದೇ ಕಾರಣವೆಂದು ಆಗ ವರದಿಯಾಯಿತು. ಅಚ್ಚು ಸೋತರೆ ಎತ್ತರವೇ ಶತ್ರುವಾಗುತ್ತದೆ.

ಎರಡನೆಯದು, ಕೆಟ್ಟ ಕಾರುಗಳನ್ನು ಬೆನ್ನಿನ ಮೇಲೆ ಹೊತ್ತೊಯ್ಯುವ ಚಪ್ಪಟೆ ಲಾರಿ. ನಿಜ ಹೇಳಬೇಕೆಂದರೆ, ಒಂದೇ ಒಂದು ಸಲದ ಕೆಲಸಕ್ಕೆ ಅದಕ್ಕಿಂತ ನಿಶ್ಚಿಂತೆಯ ಮಾರ್ಗವಿಲ್ಲ. ಆದರೆ ಅವರು ಹೇಳಿದ ಬಾಡಿಗೆಯನ್ನು ಕೇಳಿ ನನ್ನ ಶ್ರೀಮತಿ, ಅಷ್ಟು ಹಣಕ್ಕೆ ಕಾರಿಗೆ ನಾಲ್ಕು ಹೊಸ ಟೈರೇ ಬಂದಾವೆಂದು ಲೆಕ್ಕ ಹಾಕಿ ತೋರಿಸಿದಳು. ಮೂರನೆಯ ದಾರಿ, ಜೀಪಿನ ಹಿಂದೆ ಕಟ್ಟುವ ತಗ್ಗಾದ ತೆರೆದ ಟ್ರೇಲರು. ಹಗರಿಬೊಮ್ಮನಹಳ್ಳಿಯ ಪರಿಚಿತರೊಬ್ಬರ ಬಳಿ ಅಂಥವು ಎರಡಿದ್ದವು. ಗೆಳೆಯನೊಬ್ಬನ ಬಳಿ ಜೀಪಿತ್ತು.

ಎರಡರಲ್ಲಿ ಒಂದನ್ನಾರಿಸುವಾಗ ನಾನು ಹಾಕಿಕೊಂಡ ಪ್ರಶ್ನೆಗಳು ವಾಚಕರಿಗೂ ಉಪಯೋಗಕ್ಕೆ ಬಂದಾವು.

ಮೊದಲನೆಯದು ಅಳತೆ. ನಮ್ಮ ಕಾರಿನ ಉದ್ದ 3335 ಮಿಲಿಮೀಟರು, ಎಂದರೆ 11 ಅಡಿಗೆ ಕೊಂಚ ಕಡಿಮೆ. ಅಗಲ 1440, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2175. ಹಾಸು ಇದಕ್ಕಿಂತ ಉದ್ದವಾಗಿರಬೇಕು. ಕಾರನ್ನು ಒಂದೆರಡು ಗೇಣು ಹಿಂದೆ ಮುಂದೆ ಸರಿಸಲು ಜಾಗವಿರಬೇಕು. ಇದೇಕೆಂಬುದು ಆಗ ನನಗೆ ತಿಳಿಯಲಿಲ್ಲ, ಮುಂದೆ ತಿಳಿಯಿತು. ಏರುವ ಹಲಗೆಗಳು ಎಷ್ಟು ಉದ್ದವೋ ಅಷ್ಟು ಒಳ್ಳೆಯದು. ಗಿಡ್ಡವಾದರೆ ಕಾರಿನ ಮೂತಿಯೋ ಹೊಟ್ಟೆಯೋ ಉಜ್ಜುತ್ತದೆ.

ಎರಡನೆಯದು ತೂಕ. ಕಾರು ಸುಮಾರು 650 ಕಿಲೋ. ಟ್ರೇಲರು ತಾನೇ ಸುಮಾರು 400. ಕೂಡಿದರೆ ಸಾವಿರ ಮೀರಿತು. ಎಳೆಯುವ ವಾಹನವು ಇದಕ್ಕಿಂತ ಭಾರವಾಗಿರಬೇಕು; ಎಷ್ಟು ಎಳೆಯಬಲ್ಲದೆಂದು ಅದರ ಕೈಪಿಡಿಯಲ್ಲಿ ನೋಡಬೇಕು. ಇಂಜಿನ್ನಿಗೆ ಎಳೆಯುವ ಬಲವಿದ್ದರೆ ಸಾಲದು, ಬ್ರೇಕಿಗೆ ನಿಲ್ಲಿಸುವ ಬಲವೂ ಬೇಕು. ಯೂರೋಪಿನ ದೇಶಗಳಲ್ಲಿ ಟ್ರೇಲರಿನ ಒಟ್ಟು ತೂಕ 750 ಕಿಲೋ ಮೀರಿದರೆ ಅದಕ್ಕೆ ತನ್ನದೇ ಬ್ರೇಕು ಇರಬೇಕೆಂಬ ನಿಯಮವಿದೆ. ನಾನು ಬ್ರೇಕಿದ್ದುದನ್ನೇ ಆರಿಸಿದೆ.

ಮೂರನೆಯದು ಅಚ್ಚು. ಒಂದಚ್ಚಿನ ಟ್ರೇಲರು ಹಗುರ, ಅಗ್ಗ, ಕೈಯಿಂದಲೇ ತಿರುಗಿಸಬಹುದು. ಎರಡಚ್ಚಿನದು ಸ್ಥಿರ, ಒಂದು ಟೈರು ಒಡೆದರೂ ಇನ್ನೊಂದು ಹೊರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವ ನಮ್ಮ ದಾರಿಗಳಲ್ಲಿ ಇದು ಸಣ್ಣ ಮಾತಲ್ಲ. ಆದರೂ ಇಷ್ಟು ಪುಟ್ಟ ಕಾರಿಗೆ, ಇಷ್ಟು ಹತ್ತಿರದ ದಾರಿಗೆ, ಹೆಚ್ಚುವರಿ ಚಕ್ರವೊಂದನ್ನೂ ಜಾಕನ್ನೂ ಇಟ್ಟುಕೊಂಡರೆ ಒಂದಚ್ಚೇ ಸಾಕೆಂದು ನಿಶ್ಚಯಿಸಿದೆ.

ನಾಲ್ಕನೆಯದು ಕಾಗದಪತ್ರ. 1988ರ ಮೋಟಾರು ವಾಹನ ಕಾಯಿದೆಯು ಟ್ರೇಲರನ್ನು ಪ್ರತ್ಯೇಕ ವಾಹನವೆಂದೇ ಎಣಿಸುತ್ತದೆ. ಅದಕ್ಕೆ ತನ್ನದೇ ನೋಂದಣಿ ಇರಬೇಕು. ಕೊಂಡಿ ಕಳಚಿ ಬೇರೆಡೆ ಹಾಕಿದರೆ ಕಾಗದಗಳೂ ಜೊತೆಗೆ ಓಡಾಡಬೇಕೆಂಬುದು ಹರಪನಹಳ್ಳಿಯವರಿಗೆ ಹೊಸದಲ್ಲ. ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಕಳಚಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ನೆರೆಯ ತಾಲ್ಲೂಕುಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಕೊಂಡಿ ಹಾಕಿಕೊಂಡಿದೆಯಷ್ಟೆ!

ಇಷ್ಟೆಲ್ಲವನ್ನೂ ಶಾಸ್ತ್ರೋಕ್ತವಾಗಿ ವಿಚಾರಿಸಿದ ನಾನು, ಐದನೆಯ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಉಳಿದ ನಾಲ್ಕಕ್ಕಿಂತ ದೊಡ್ಡ ಪ್ರಶ್ನೆ ಅದೇ ಆಗಿತ್ತು.

ಕೂಡ್ಲಿಗಿಯಲ್ಲಿ ನಾಲ್ಕು ಜನ ಹುಡುಗರು ಸೇರಿ ಕಾರನ್ನು ಚಪ್ಪರದಿಂದ ಹೊರಕ್ಕೆ ತಳ್ಳಿದರು. ಅದರ ಬೆನ್ನು ಟ್ರೇಲರಿನ ಕಡೆಗಿತ್ತು. ಹಾಗೆಯೇ ಹಿಂದುಮುಂದಾಗಿ ಏರಿಸಿಬಿಟ್ಟೆವು. ಹರಪನಹಳ್ಳಿಯಲ್ಲಿ ಇಳಿಸುವುದು ಸುಲಭವಾಗಲೆಂದು ನಾನೇ ಅದನ್ನು ಒಂದು ಮೊಳದಷ್ಟು ಹಿಂದಕ್ಕೆ, ಹಲಗೆಯ ಅಂಚಿನ ಬಳಿಯೇ ನಿಲ್ಲಿಸಿದೆ. ಹಗ್ಗ ಬಿಗಿದದ್ದಾಯಿತು. ನನ್ನ ಏಳು ವರ್ಷದ ಮಗನು ಟ್ರೇಲರಿನ ಮೇಲಿದ್ದ ಕಾರಿನೊಳಗೆ ಕುಳಿತು ಬರುತ್ತೇನೆಂದು ಹಟ ಹಿಡಿದನು. ಸದ್ಯ, ಅದೊಂದಕ್ಕೆ ನಾನು ಒಪ್ಪಲಿಲ್ಲ. ಅವನೂ ತಾಯಿಯವರೂ ಜೀಪಿನಲ್ಲಿ ಕುಳಿತರು.

ಕೊಟ್ಟೂರು ಇನ್ನೂ ಕೆಲವು ಮೈಲಿ ಇರುವಾಗ ಒಂದು ಇಳಿಜಾರು ಬಂದಿತು. ವೇಗವೇನೂ ಹೆಚ್ಚಿರಲಿಲ್ಲ, ಗಂಟೆಗೆ ನಲವತ್ತು ಕಿಲೋಮೀಟರು ಇದ್ದೀತು. ಇದ್ದಕ್ಕಿದ್ದಂತೆ ಹಿಂದಿನ ಟ್ರೇಲರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿತು. ಒಂದೊಂದು ತೂಗಿಗೂ ಜೀಪಿನ ಹಿಂಭಾಗವು ಯಾರೋ ಎತ್ತಿ ಎಸೆದಂತೆ ಹೊರಳಿತು. ಎದುರಿನಿಂದ ಬಸ್ಸೊಂದು ಬರುತ್ತಿತ್ತು. ತಾಯಿಯವರು ಮಗುವನ್ನು ಎದೆಗವಚಿಕೊಂಡರು. ಗೆಳೆಯನು ಅನುಭವಸ್ಥ, ಬ್ರೇಕನ್ನು ಒಮ್ಮೆಲೇ ಒತ್ತಲಿಲ್ಲ. ಒತ್ತಿದ್ದರೆ ಟ್ರೇಲರು ನಮ್ಮ ಮೇಲೆಯೇ ಮಡಚಿಕೊಳ್ಳುತ್ತಿತ್ತು. ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಕ್ರವನ್ನು ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯುವವರೆಗೆ ಕಾದನು. ಬಸ್ಸು ಹಾದುಹೋಯಿತು. ಜೀಪು ನಿಂತಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆಮೆಯ ವೇಗದಲ್ಲಿ ಕೊಟ್ಟೂರು ಸೇರಿದೆವು. ಊರ ಅಂಚಿನಲ್ಲಿ ಒಬ್ಬ ವೃದ್ಧ ಬಡಗಿ ಎತ್ತಿನ ಬಂಡಿಯ ಮೂಕಿಯನ್ನು ಹದಗೊಳಿಸುತ್ತಿದ್ದನು. ಎತ್ತುಗಳು ಕಡಿಮೆಯಾದ ಈ ಕಾಲದಲ್ಲಿಯೂ ಜಾತ್ರೆಗಳ ಹಂಗಾಮಿನಲ್ಲಿ ಅಂಥವರಿಗೆ ಕೆಲಸವುಂಟು. ಅವನು ನಮ್ಮ ಮುಖವನ್ನೂ ಟ್ರೇಲರನ್ನೂ ಒಂದು ಸುತ್ತು ನೋಡಿ, ಜೀಪಿನ ಕೊಂಡಿಯ ಬಳಿ ಕುಳಿತು, ಟ್ರೇಲರಿನ ಮೂತಿಯ ಮೇಲೆ ಅಂಗೈಯಿಟ್ಟನು.

“ಮೇಷ್ಟ್ರೇ, ನಿಮ್ಮ ಬಂಡಿ ಹಿಂಭಾರ ಆಗೈತಿ. ಇದಕ್ಕ ಎತ್ತು ಕಟ್ಟಿದ್ದರ ಅವು ಉಸುರುಗಟ್ಟಿ ನಿಲ್ಲತಿದ್ದವು. ಜೀಪಿಗೆ ಕೊರಳಿಲ್ಲ, ಹೇಳಲಿಲ್ಲ.”

ಬಂಡಿ ಕಟ್ಟುವವರು ಬಲ್ಲ ಸತ್ಯವಿದು. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲಕ್ಕೇಳುತ್ತದೆ. ನೊಗ ಹೆಗಲನ್ನು ಬಿಟ್ಟು, ಕೊರಳ ಕಣ್ಣಿ ಎತ್ತಿನ ಗಂಟಲನ್ನೊತ್ತುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಒಳ್ಳೆಯ ಬಂಡಿಕಾರನು ಹೇರನ್ನು ಕೊಂಚವೇ ಮುಂಭಾರವಾಗುವಂತೆ ಹೇರುತ್ತಾನೆ. ಇಂದಿನ ಟ್ರೇಲರಿನ ಶಾಸ್ತ್ರವೂ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ: ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. ನಮ್ಮ ಲೆಕ್ಕಕ್ಕೆ 105ರಿಂದ ಸುಮಾರು 157 ಕಿಲೋ. ಮಾರುತಿ 800ರ ಇಂಜಿನ್ನು ಮುಂದಿದೆ. ಹಿಂದುಮುಂದಾಗಿ ಏರಿಸಿ, ಸಾಲದೆಂದು ಒಂದು ಮೊಳ ಹಿಂದೆ ನಿಲ್ಲಿಸಿದ ನಾನು ಆ ಭಾರವನ್ನೆಲ್ಲ ಬಾಲಕ್ಕೆ ಕಟ್ಟಿದ್ದೆ. ಟ್ರೇಲರು ಜೀಪಿನ ಹಿಂಭಾಗವನ್ನು ನೆಲದಿಂದ ಎತ್ತಲು ನೋಡುತ್ತಿತ್ತು.

ಕೊಂಡಿ ಬಿಚ್ಚಲು ಹೋದ ನನ್ನನ್ನು ಬಡಗಿ ತಡೆದನು. ಹಿಂಭಾರದ ಬಂಡಿಯ ಮೂಕಿಯನ್ನು ಬಿಟ್ಟೊಡನೆ ಅದು ಚಿಮ್ಮಿ ಗದ್ದಕ್ಕೆ ಬಡಿಯುತ್ತದೆ. ಮೊದಲು ಹಿಂದೆ ಕಲ್ಲು ಕೊಡಬೇಕು. ಕಲ್ಲು ಕೊಟ್ಟು, ಕಾರನ್ನಿಳಿಸಿ, ಮೂತಿ ಮುಂದಾಗಿ ಏರಿಸಿದೆವು. ಹತ್ತಿರದ ಮಂಡಿಯಿಂದ ಧಾನ್ಯ ತೂಗುವ ತಕ್ಕಡಿಯನ್ನು ತಂದು, ಟ್ರೇಲರಿನ ಮೂತಿಯನ್ನು ಜೀಪಿನ ಕೊಂಡಿಯಷ್ಟೇ ಎತ್ತರದಲ್ಲಿ ಅದರ ಮೇಲಿಟ್ಟೆವು. 160 ಕಿಲೋ. ಕಾರನ್ನು ಒಂದು ಗೇಣು ಹಿಂದಕ್ಕೆ ಸರಿಸಿದಾಗ 120. “ಇಷ್ಟಾದರ ಸಾಕು” ಎಂದನು ಬಡಗಿ. ಹಾಸಿನ ಮೇಲೆ ಸರಿಸಲು ಜಾಗವೇಕೆ ಬೇಕೆಂಬುದು ಆಗ ನನಗೆ ಅರ್ಥವಾಯಿತು.

ಉಳಿದುದನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹಗ್ಗದ ಬದಲು ನಾಲ್ಕು ಮೂಲೆಗೆ ನಾಲ್ಕು ಬಿಗಿಪಟ್ಟಿ ಹಾಕಿದೆವು. ಅವನ್ನು ಬಂಪರಿಗೆ ಕಟ್ಟದೆ ಗಾಲಿಗಳಿಗೇ ಬಿಗಿದೆವು. ಗಾಲಿಯ ಹಿಂದೆ ಮುಂದೆ ಮರದ ತುಂಡು. ಕೊಂಡಿಯ ಕೆಳಗೆ ಅಡ್ಡಡ್ಡಲಾಗಿ ಎರಡು ಸರಪಳಿ. ಹಿಂದಿನ ದೀಪ ಉರಿಯುವುದೇ ಎಂಬ ಪರೀಕ್ಷೆ. ಹತ್ತು ಕಿಲೋಮೀಟರು ನಡೆದ ಮೇಲೆ ನಿಲ್ಲಿಸಿ ಎಲ್ಲವನ್ನೂ ಇನ್ನೊಮ್ಮೆ ಬಿಗಿದೆವು, ಏಕೆಂದರೆ ಮೊದಲ ಬಿಗಿ ದಾರಿಯ ಕುಲುಕಾಟಕ್ಕೆ ಸಡಿಲುತ್ತದೆ. ಅಲ್ಲಿಂದ ಹರಪನಹಳ್ಳಿಯವರೆಗೆ ಟ್ರೇಲರು ಜೀಪಿನ ಹಿಂದೆ ತೊಟ್ಟಿಲಿನ ಕೂಸಿನಂತೆ ಬಂದಿತು. ಅದೇ ಜೀಪು, ಅದೇ ಟ್ರೇಲರು, ಅದೇ ಕಾರು. ಬೇರೆಯಾದದ್ದು ಭಾರ ಕುಳಿತ ಜಾಗ ಮಾತ್ರ.

ಆದ್ದರಿಂದ ಟ್ರೇಲರನ್ನು ಆರಿಸಹೊರಟವರು ಅಳತೆ, ತೂಕ, ಅಚ್ಚು, ಬ್ರೇಕು, ಕಾಗದ ಇವನ್ನೆಲ್ಲ ಅವಶ್ಯವಾಗಿ ನೋಡಲಿ. ಆದರೆ ತಮ್ಮ ಕಾರು ಆ ಹಾಸಿನ ಮೇಲೆ ಎಲ್ಲಿ ಕೂರುವುದು, ಅಲ್ಲಿ ಕುಳಿತಾಗ ಕೊಂಡಿಯ ಮೇಲೆ ಎಷ್ಟು ಭಾರ ಬೀಳುವುದು ಎಂಬುದನ್ನು ತೂಗಿ ನೋಡಿದ ಮೇಲೆಯೇ ಹಣ ಕೊಡಲಿ. ನನಗೆ ಈ ಪಾಠವನ್ನು ಹೇಳಿದವನು ಕೂಲಿಯನ್ನು ಮುಟ್ಟಲಿಲ್ಲ. ಕಾರಿನ ಬಾಗಿಲು ತೆರೆದು ಸ್ಟೀರಿಂಗಿನ ಮುಂದೆ ಒಂದು ನಿಮಿಷ ಕುಳಿತು, “ಹಗುರೈತಿ” ಎಂದು ನಕ್ಕು ಇಳಿದನು.

ಕಾರು ಈಗ ನಮ್ಮ ಮನೆಯ ಮುಂದಿದೆ. ಮೇಸ್ತ್ರಿ ಬ್ರೇಕನ್ನು ಸರಿಪಡಿಸಿದ್ದಾನೆ. ಇಂಜಿನ್ನಿಗೆ ಇನ್ನೂ ಒಂದು ತಿಂಗಳು ಬೇಕೆನ್ನುತ್ತಾನೆ. ಆಮೇಲೆ ನೋಂದಣಿಯ ಓಡಾಟ. ಮೊನ್ನೆ ಶುಕ್ರವಾರ ತಾಯಿಯವರು ಗಾಜನ್ನೊರೆಸುತ್ತ, ನನ್ನತ್ತ ತಿರುಗದೆಯೇ ಕೇಳಿದರು:

“ಹಡಗಲಿಗೆ ಯಾವಾಗ ಹೋಗೋಣ?”