ಬಾಗಿಲು ಕಾದ ಸಂತ

ಮಕ್ಕಳಿಗೆ ವಿದ್ಯೆ ಕಲಿಸುವುದನ್ನು ಮುಖ್ಯ ಸೇವೆಯಾಗಿ ನಡೆಸಿಕೊಂಡು ಬಂದ ಒಂದು ಸನ್ಯಾಸಿ ಸಭೆಯಲ್ಲಿ ಮೊಟ್ಟಮೊದಲು ಸಂತ ಪದವಿಗೇರಿದವರು ಓದುಬರಹ ಸರಿಯಾಗಿ ಬಾರದ ಮನುಷ್ಯ. ಫ್ರಾನ್ಸಿನಲ್ಲಿ ಹುಟ್ಟಿದ ಹೋಲಿ ಕ್ರಾಸ್ ಸಭೆ ಅಮೆರಿಕದ ಹೆಸರಾಂತ ನೋಟರ್ ಡೇಮ್ ವಿಶ್ವವಿದ್ಯಾಲಯವನ್ನು ಕಟ್ಟಿತು, ಎಷ್ಟೋ ಪಂಡಿತರನ್ನು ಕೊಟ್ಟಿತು. ಆದರೆ 2010ರ ಅಕ್ಟೋಬರ್ 17ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಂತರೆಂದು ಸಾರಿದ್ದು ಕೆನಡಾದ ಮಾಂಟ್ರಿಯಲ್‌ನ ಶಾಲೆಯೊಂದರಲ್ಲಿ ಸುಮಾರು ನಲವತ್ತು ವರ್ಷ ಬಾಗಿಲು ಕಾದ ಬ್ರದರ್ ಆಂದ್ರೇ ಬೆಸೆಟ್ ಅವರನ್ನು. ಸಭೆಯ ಸ್ಥಾಪಕ ಬೆಸಿಲ್ ಮೊರೊ ಅವರಿಗೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ 'ಪುನೀತ' ಪದವಿ ದಕ್ಕಿದ್ದು 2007ರಲ್ಲಿ. ಬಾಗಿಲು ಕಾದವರಿಗೆ ಅದು 1982ರಲ್ಲೇ ಸಂದಿತ್ತು. ಇಂಥ ಸಂತರು ದಿನಗೂಲಿಯವರಿಗೆ, ಮನೆವಾರ್ತೆಯಲ್ಲಿ ಮುಳುಗಿದವರಿಗೆ ನಿಜಕ್ಕೂ ಮಾದರಿಯಾಗಬಲ್ಲರೇ, ಇಲ್ಲ ಮೇಣದಬತ್ತಿ ಹಚ್ಚಿ ಕೈಮುಗಿಯುವುದಕ್ಕಷ್ಟೇ ಒದಗುವರೇ? ಆಗಬಲ್ಲರು ಎಂದೇ ನನ್ನ ವಾದ. ಆದರೆ ಅವರಲ್ಲಿ ನಾವು ಏನನ್ನು ಹುಡುಕಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು.

ಆಂದ್ರೇ ಹುಟ್ಟಿದ್ದು 1845ರಲ್ಲಿ, ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರ ಬಡಕುಟುಂಬದಲ್ಲಿ. ತಂದೆ ಮೈಮೇಲೆ ಮರ ಬಿದ್ದು ತೀರಿಕೊಂಡರು. ಹುಡುಗನಿಗೆ ಹನ್ನೆರಡು ತುಂಬುವ ಹೊತ್ತಿಗೆ ತಾಯಿಯನ್ನು ಕ್ಷಯ ಕೊಂಡೊಯ್ದಿತು. ಆಮೇಲೆ ಸಿಕ್ಕಸಿಕ್ಕ ಕೂಲಿ, ಅಮೆರಿಕದ ಬಟ್ಟೆ ಗಿರಣಿಗಳಲ್ಲಿ ದುಡಿಮೆ. 1870ರಲ್ಲಿ ಸಭೆ ಸೇರಿದರೂ, ಇಷ್ಟು ನಿತ್ರಾಣದ ದೇಹ ಯಾವ ಕೆಲಸಕ್ಕಾದೀತು ಎಂದು ಹಿರಿಯರು ಹಿಂದೆಗೆದರು. ಮಾಂಟ್ರಿಯಲ್‌ನ ಬಿಷಪ್ ಬೂರ್ಜೆ ಆಂದ್ರೇ ಅವರ ಪರವಾಗಿ ನಿಂತ ಮೇಲೆಯೇ ಹಾದಿ ಸುಗಮವಾದದ್ದು; 1874ರಲ್ಲಿ ಅವರು ಕೊನೆಯ ವ್ರತ ಸ್ವೀಕರಿಸಿದರು. ಕೊಟ್ಟ ಕೆಲಸ ಬಾಗಿಲು ಕಾಯುವುದು. ಅದರ ಜೊತೆಗೆ ನೆಲ ಒರೆಸುವುದು, ಅಂಚೆ ತರುವುದು, ಹುಡುಗರ ತಲೆಗೂದಲು ಕತ್ತರಿಸುವುದು. ಬಾಗಿಲ ಕೆಲಸದ ಸ್ವಭಾವವನ್ನು ಸ್ವಲ್ಪ ಯೋಚಿಸಬೇಕು. ಅಲ್ಲಿ ಯಾವುದೂ ಮುಗಿಯುವುದಿಲ್ಲ. ಅರ್ಧ ಒರೆಸಿದ ನೆಲ ಹಾಗೇ ಇರುತ್ತದೆ, ಗಂಟೆ ಬಾರಿಸುತ್ತದೆ, ಏಳಬೇಕು. ಬಂದವರಿಗೆ ಬೇಕಾದವರು ಬೇರೆ ಯಾರೋ. ಆದರೂ ಅವರನ್ನು ಕರೆಯಿಸಿ, ಅವರು ಬರುವವರೆಗಿನ ನಾಲ್ಕು ನಿಮಿಷದಲ್ಲಿ ಎದುರಿಗಿದ್ದವರ ಕಷ್ಟ ಕೇಳುವುದಕ್ಕೆ ಎಡೆಯಿತ್ತು. ಆಂದ್ರೇ ಅವರಿಗೆ ಯಾರೂ ಉಪದೇಶ ಮಾಡಲು ಹೇಳಿರಲಿಲ್ಲ, ಪೀಠ ಕೊಟ್ಟಿರಲಿಲ್ಲ. ಮುಂದೆ ಸಾವಿರಾರು ಜನ ಅರಸಿಕೊಂಡು ಬಂದ ಆ ಸಂತೈಸುವ ಸೇವೆ ಹುಟ್ಟಿದ್ದು ಇದೇ ಬಿಡುವಿಲ್ಲದ ಚಾಕರಿಯೊಳಗೆ. ಈ ಕೆಲಸ ಕಳೆದ ಮೇಲೆ ದೇವರ ಸೇವೆ ಎಂದು ಅವರು ಕಾಯಲಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಜನ ಅವರ ಬಳಿಗೆ ಬಂದದ್ದು ಗುಣವಾಗುವ ಆಸೆಯಿಂದ. ಸಂತ ಜೋಸೆಫರ ಪ್ರತಿಮೆಯ ಮುಂದೆ ಉರಿಯುತ್ತಿದ್ದ ದೀಪದ ಎಣ್ಣೆ ಹಚ್ಚಿಸಿಕೊಂಡು ಗುಣವಾಯಿತೆಂದು ಹೇಳಿದವರು ಲೆಕ್ಕವಿಲ್ಲದಷ್ಟು. ಪವಾಡ ಪುರುಷನನ್ನು ಸಾಮಾನ್ಯರು ಅನುಸರಿಸುವುದು ಹೇಗೆ? ಪವಾಡವನ್ನು ಅನುಸರಿಸಲಾಗದು, ನಿಜ. ಆದರೆ ಅದನ್ನು ಬದಿಗೆ ಸರಿಸಿದವರಲ್ಲಿ ಮೊದಲಿಗರು ಅವರೇ. ನಿಮ್ಮಿಂದಲೇ ಗುಣವಾಯಿತೆಂದು ಯಾರಾದರೂ ಅಂದರೆ ಸಿಡುಕುತ್ತಿದ್ದರು. ಎಲ್ಲ ಸಂತ ಜೋಸೆಫರ ದಯೆ ಎನ್ನುತ್ತಿದ್ದರು. ತಮ್ಮ ಹೊಟ್ಟೆನೋವನ್ನಂತೂ ಬದುಕಿಡೀ ಹೊತ್ತರು. ಅವರು ಮುಂಗೋಪಿ ಎಂಬುದನ್ನು ಮುಚ್ಚಿಡುವ ಭಕ್ತರು ನಮಗೆ ಉಪಕಾರ ಮಾಡುತ್ತಿಲ್ಲ. ಮನೆಯಲ್ಲಿ ದಿನಕ್ಕೆರಡು ಸಲ ರೇಗಿ ಆಮೇಲೆ ಮರುಗುವ ನಮ್ಮಂಥವರಿಗೆ ಹತ್ತಿರವಾಗುವುದು ಆ ಕುಂದೇ. ರೋಗಿಗಳ ಗುಂಪು ಕಂಡು ಮಕ್ಕಳ ಪೋಷಕರು ಹೆದರಿದಾಗ, ಶಾಲೆಯ ವೈದ್ಯರೂ ದೂರಿದಾಗ, ಬಂದವರನ್ನು ರಸ್ತೆಯಾಚೆಯ ಟ್ರಾಮ್ ತಂಗುದಾಣದಲ್ಲಿ ನೋಡಿಕೊಳ್ಳಿ ಎಂದಾಯಿತು. ಅವರು ಹಾಗೇ ಮಾಡಿದರು. ಟ್ರಾಮಿಗೆ ಕಾಯುವವರ ಪಕ್ಕದಲ್ಲಿ ರೋಗಿಗಳು, ಅವರ ನಡುವೆ ಕರಿ ನಿಲುವಂಗಿ ತೊಟ್ಟ ಕುಳ್ಳ ಮುದುಕ: ಅನುಸರಿಸಲು ತಕ್ಕ ಚಿತ್ರ ಇದು. ಒಬ್ಬರ ಪಕ್ಕ ಕೂತು ಅವರ ಮಾತು ಮುಗಿಯುವವರೆಗೆ ಕೇಳುವುದಕ್ಕೆ ಪವಾಡ ಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ವಿನಯವನ್ನು ಹೊಗಳುವುದು ಬಹುಮಟ್ಟಿಗೆ ಮೇಲಿದ್ದವರ ಉಪಾಯ. ಆಳಿಗೆ ತಗ್ಗಿ ನಡೆ ಎಂದು ಬೋಧಿಸಿದರೆ ಒಡೆಯನಿಗೆ ನೆಮ್ಮದಿ. ಕ್ರೈಸ್ತ ಸಮಾಜಗಳಲ್ಲೂ ಈ ಬೋಧನೆ ಹೀಗೆ ಬಳಕೆಯಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಆಂದ್ರೇ ಅವರ ವಿನಯ ಬಾಯಿಮುಚ್ಚಿ ಬಿದ್ದುಕೊಂಡ ವಿನಯವಲ್ಲ. ಶಾಲೆಯ ಎದುರಿನ ಮೌಂಟ್ ರಾಯಲ್ ಗುಡ್ಡದ ಮೇಲೆ ಸಂತ ಜೋಸೆಫರಿಗೊಂದು ಗುಡಿಯಾಗಬೇಕೆಂದು ಅವರು ಮೇಲಿನವರ ಬೆನ್ನುಬಿಡಲಿಲ್ಲ. ಹುಡುಗರ ಕ್ಷೌರಕ್ಕೆ ಸಿಗುತ್ತಿದ್ದ ಐದೈದು ಸೆಂಟ್‌ಗಳನ್ನು ಅನುಮತಿ ಪಡೆದು ಕೂಡಿಟ್ಟರು. 1904ರಲ್ಲಿ ಒಂದು ಪುಟ್ಟ ಮರದ ಗುಡಿ ಎದ್ದಿತು. ತಾನು ಕೀಳೆಂದು ನಂಬುವುದು ಬೇರೆ, ಆದ ಒಳ್ಳೆಯದಕ್ಕೆ ತನ್ನ ಹೆಸರು ಹಚ್ಚದಿರುವುದು ಬೇರೆ. ಅವರಲ್ಲಿದ್ದದ್ದು ಎರಡನೆಯದು, ಮತ್ತು ಅದು ಆಳಿಗಿಂತ ಒಡೆಯನಿಗೇ ಹೆಚ್ಚು ಕಷ್ಟದ ಪಾಠ. ಅವರ ಬದುಕು ಮುಖ್ಯವಾಗಿ ತಿವಿಯಬೇಕಾದದ್ದು ಬಾಗಿಲು ಕಾಯುವವರನ್ನಲ್ಲ. ಆ ಬಾಗಿಲಲ್ಲಿ ದಿನವೂ ಓಡಾಡಿಯೂ ಅಲ್ಲಿ ನಿಂತವರ ಮುಖ ನೋಡದವರನ್ನು.

ಕೊನೆಗೆ, ಪುಟ್ಟ ಗುಡಿಯಿದ್ದ ಆ ಗುಡ್ಡದ ಮೇಲೆ ಮುಂದೆ ಎದ್ದ ಭಾರಿ ಬೆಸಿಲಿಕಾದ ಮಾತು. 1937ರ ಜನವರಿ 6ರಂದು, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕೊರೆವ ಚಳಿಯಲ್ಲಿ ಸುಮಾರು ಹತ್ತು ಲಕ್ಷ ಜನ ಅಂತಿಮ ದರ್ಶನಕ್ಕೆ ಬಂದರು. ಇಂದು ಆ ಗುಡ್ಡದ ಮೇಲೆ ಜಗತ್ತಿನ ದೊಡ್ಡ ಗುಮ್ಮಟಗಳಲ್ಲಿ ಒಂದು ನಿಂತಿದೆ. ಇಷ್ಟು ವೈಭವಕ್ಕೂ ವಿನಯಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಉತ್ತರಕ್ಕೆ ಅವರ ಕೊನೆಯ ದಿನಗಳನ್ನು ನೋಡಿದರೆ ಸಾಕು. ಆರ್ಥಿಕ ಮುಗ್ಗಟ್ಟಿನಲ್ಲಿ ಹಣ ಬತ್ತಿ ಕಟ್ಟಡದ ಕೆಲಸ ವರ್ಷಗಟ್ಟಲೆ ನಿಂತುಹೋಗಿತ್ತು. ಮುಂದೇನು ಎಂದು 1936ರಲ್ಲಿ ಹಿರಿಯರು ಚಿಂತಿಸುತ್ತಿದ್ದಾಗ, ಸಂತ ಜೋಸೆಫರ ಪ್ರತಿಮೆಯನ್ನು ಆ ಬಯಲು ಗೋಡೆಗಳ ನಡುವೆ ಇಟ್ಟುಬಿಡಿ, ಸೂರು ಬೇಕಿದ್ದರೆ ಅವರೇ ನೋಡಿಕೊಳ್ಳುತ್ತಾರೆ ಎಂದರು ಆಂದ್ರೇ. ಪ್ರತಿಮೆಯನ್ನು ಮೇಲಕ್ಕೆ ಹೊತ್ತೊಯ್ದರು. ಸ್ವಲ್ಪ ದಿನಕ್ಕೆ ಅವರು ಹೋದರು. ಬೆಸಿಲಿಕಾ ಪೂರ್ತಿಯಾದದ್ದು 1967ರಲ್ಲಿ. ಆ ಸೂರನ್ನು ಅವರು ಕಾಣಲೇ ಇಲ್ಲ.