ಚಿತ್ರಕಥೆಯ ನಾಯಿಕೆ



ನಮ್ಮ ತಮ್ಮನ ಮಗನಿಗೆ ಈಗ ಹದಿನೇಳು ವರ್ಷ. ಅವನು ಸ್ವಂತ ಕಲ್ಪನೆಯಿಂದ ಒಂದು ಚಿತ್ರಕಥೆಯನ್ನು ರಚಿಸತೊಡಗಿರುವನು. ಕಥಾನಾಯಕನು ಒಬ್ಬ ತರುಣ ಅಂಬಿಗ. ದೋಣಿಯಿಂದ ಹೊಳೆಗೆ ಬಿದ್ದ ಕನ್ಯೆಯೊಬ್ಬಳನ್ನು ಅವನು ದಡಕ್ಕೆ ತರುವನು, ಅಲ್ಲಿಂದ ಪ್ರೇಮಾಂಕುರ. ಕಳೆದ ತಿಂಗಳು ಹುಡುಗನು ಹಾಳೆಗಳನ್ನು ತಂದು, “ದೊಡ್ಡಪ್ಪ, ನಾಯಿಕೆ ಸರಿಯಾಗಿ ಮೂಡುತ್ತಿಲ್ಲ. ನೀವು ಸ್ವಲ್ಪ ಹೇಳಿಕೊಡಿ” ಎಂದನು.

ನಾವು ಬಹುಕಾಲ ಸಂಸ್ಕೃತ ಪಾಠ ಹೇಳಿದವರು, ಕೇಳಬೇಕೆ? ತಾವರೆಯಂತಹ ಕಣ್ಣು, ಹಂಸದಂತಹ ನಡೆ ಎಂದು ದೊಡ್ಡ ಪಟ್ಟಿಯನ್ನೇ ಬರೆಯಿಸಿದೆವು. ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂಬ ಭೇದಗಳನ್ನೂ ಬಿಡಲಿಲ್ಲ. ಹುಡುಗನು ಹಾಗೆಯೇ ಬರೆದು ತಂದನು. ಚಿತ್ರವೇನೋ ಸುಂದರವಾಗಿಯೇ ಇದ್ದಿತು. ಆದರೆ ಅವನ ತಂಗಿ, ಹತ್ತು ವರ್ಷದವಳು, ಹಾಳೆಗಳನ್ನು ತಿರುವಿ ನೋಡಿ, “ಅಣ್ಣ, ಹೊಳೆಗೆ ಬೀಳುವ ಮೊದಲು ಇವಳು ಎಲ್ಲಿಗೆ ಹೊರಟಿದ್ದಳು?” ಎಂದು ಕೇಳಿದಳು. ಅಣ್ಣನು ನಮ್ಮ ಮುಖವನ್ನು ನೋಡಿದನು. ನಾವು ಹಾಳೆಯನ್ನು ನೋಡಿದೆವು. ಇಬ್ಬರಲ್ಲಿಯೂ ಉತ್ತರವಿರಲಿಲ್ಲ.

ಆ ರಾತ್ರಿ ನಮಗೆ ನಾಚಿಕೆಯಾಯಿತು. ಏಕೆಂದರೆ ನಾವು ಪಾಠ ಹೇಳಿದ ಕವಿಗಳು ಈ ತಪ್ಪನ್ನು ಮಾಡಿದವರಲ್ಲ. ಕಾಳಿದಾಸನು ಶಕುಂತಲೆಯನ್ನು ನಮ್ಮೆದುರಿಗೆ ತರುವಾಗ ಅವಳು ಆಶ್ರಮದ ಗಿಡಗಳಿಗೆ ನೀರೆರೆಯುತ್ತಿರುವಳು. ದುಷ್ಯಂತನು ಮರೆಯಲ್ಲಿ ನಿಂತಿರುವುದು ಅವಳಿಗೆ ತಿಳಿಯದು. ಹಾಗೆ ನೀರೆರೆದವಳಾದುದರಿಂದಲೇ ನಾಲ್ಕನೆಯ ಅಂಕದ ಬೀಳ್ಕೊಡುಗೆಯು ನಮ್ಮ ಎದೆಯನ್ನು ಕರಗಿಸುವುದು. ಶೂದ್ರಕನ ಮೃಚ್ಛಕಟಿಕವನ್ನು ನೋಡಿರಿ. ಚಾರುದತ್ತನ ಮಗನು ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿಯೇ ಬೇಕೆಂದು ಅಳುವಾಗ ವಸಂತಸೇನೆಯು ತನ್ನ ಒಡವೆಗಳನ್ನು ಕಳಚಿ ಆ ಬಂಡಿಯಲ್ಲಿ ತುಂಬುವಳು. ಆಗ ನಾಯಕನು ಅವಳೆದುರಿಗಿಲ್ಲ. ಆದರೂ ನಾಟಕಕ್ಕೆ ಹೆಸರು ಬಂದುದು ಆ ಬಂಡಿಯಿಂದ. ಮುಂದೆ ನ್ಯಾಯಸಭೆಯಲ್ಲಿ ಚಾರುದತ್ತನಿಗೆ ಕುತ್ತಾಗುವುದೂ ಆ ಒಡವೆಗಳಿಂದ.

ಚಿತ್ರಕಥೆಗಳಲ್ಲಿಯೂ ಬಾಳಿದ ನಾಯಿಕೆಯರು ಇಂಥವರೇ. 1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನನ ಮೊದಲ ಕಥೆ ಅಚ್ಚಾದಾಗ ಅದರಲ್ಲಿಯೇ ಲೋಯಿಸ್ ಲೇನಳೂ ಇದ್ದಳು. ಅವಳು ಪತ್ರಿಕೆಯ ವರದಿಗಾರ್ತಿ; ಸುದ್ದಿಯನ್ನು ಅರಸಿಕೊಂಡು ಹೋಗುವಳಾದಕಾರಣ ಅಪಾಯಕ್ಕೆ ಸಿಕ್ಕುವಳೇ ಹೊರತು ನಾಯಕನಿಗೆ ಕೆಲಸ ಒದಗಿಸಲೆಂದಲ್ಲ. ಸೀಗರನ ಆಲಿವ್ ಆಯಿಲ್ ಇನ್ನೂ ಸ್ವಾರಸ್ಯವಾದವಳು. ಅವಳು 1919ರಲ್ಲಿಯೇ ಹುಟ್ಟಿದವಳು. ಅವಳ ಪ್ರಿಯನೆಂದು ಲೋಕವರಿತ ನಾವಿಕ ಪಾಪಾಯ್ ಕಾಲಿಟ್ಟುದು 1929ರಲ್ಲಿ. ಒಂಬತ್ತು ವರ್ಷಕ್ಕೂ ಮಿಕ್ಕಿ ಪಾಪಾಯ್ ಇಲ್ಲದೆಯೇ ನಡೆದಾಡಿದ ನಾಯಿಕೆ! ಅವಳಲ್ಲಿ ತಾವರೆಯೂ ಇಲ್ಲ, ಹಂಸವೂ ಇಲ್ಲ. ಕಡ್ಡಿಯಂತಹ ಕೈಕಾಲು, ದೊಡ್ಡ ಪಾದ, ಕತ್ತಿನ ಮೇಲೊಂದು ತುರುಬು. ಆದರೆ ಎಷ್ಟು ಸಣ್ಣ ಚೌಕದಲ್ಲಿ ಬರೆದರೂ ಗುರುತು ತಪ್ಪದು. ಒಂದೇ ಮುಖವನ್ನು ನೂರು ಚೌಕಗಳಲ್ಲಿ ಬರೆಯಬೇಕಾದ ಕಲೆಯಲ್ಲಿ ಇದು ಸೌಂದರ್ಯಕ್ಕಿಂತ ಮಿಗಿಲಾದ ಗುಣ.

ಮರುದಿನ ನಾವು ಹುಡುಗನನ್ನು ಕರೆದು ನಮ್ಮ ಪಟ್ಟಿಯನ್ನು ಹೊಡೆದುಹಾಕಿಸಿದೆವು. ಬದಲಾಗಿ ಮೂರು ಪ್ರಶ್ನೆಗಳನ್ನು ಕೊಟ್ಟೆವು. ನಾಯಕನು ಇಲ್ಲದಾಗ ಇವಳು ಏನು ಮಾಡುವಳು? ಇವಳಿಗೆ ಬೇಕಾದುದೇನು? ಯಾರಿಗೂ ಹೇಳದೆ ಬಚ್ಚಿಟ್ಟ ಅಂಜಿಕೆ ಯಾವುದು?

ವಾರ ಕಳೆದ ಮೇಲೆ ಹೊಸ ಹಾಳೆಗಳು ಬಂದವು. ಈಗ ಅವಳು ಆಚೆ ದಡದ ಹಳ್ಳಿಗಳಿಗೆ ಅಂಚೆ ಹಂಚುವವಳು. ದಿನವೂ ಹೊಳೆ ದಾಟುವವಳಾದರೂ ಈಜು ಬಾರದು. ಕೆಲಸ ಹೋದೀತೆಂದು ಆ ಮಾತನ್ನು ಮುಚ್ಚಿಟ್ಟಿರುವಳು. ಚೀಲದಲ್ಲಿ ಒಬ್ಬ ಅಜ್ಜಿಯ ಪಿಂಚಣಿಯ ಹಣವಿದೆ. ದೋಣಿ ಮಗುಚಿದಾಗ ಅಂಬಿಗನು ಕೈ ನೀಡುವನು. ಅವಳು ಅವನ ಕೈಗೆ ಮೊದಲು ಕೊಡುವುದು ಚೀಲವನ್ನು! ಅವನಿಗೆ ಅವಳ ಮೇಲೆ ಪ್ರೇಮವೇಕೆ ಹುಟ್ಟಿತೆಂದು ಇನ್ನು ಯಾರೂ ವಿವರಿಸಬೇಕಾಗಿಲ್ಲ.

ಇದು ಬರಿಯ ಮಕ್ಕಳಾಟವೆಂದು ವಾಚಕರು ಎಣಿಸಬಾರದು. ಹುಡುಗನು ಹೆಣ್ಣನ್ನು ಹೇಗೆ ಬರೆಯುವನೋ ಹಾಗೆಯೇ ನೋಡಲು ಕಲಿಯುವನು. ಅವನ ತಂಗಿಯು ಅದನ್ನೇ ಓದಿ ತನ್ನನ್ನು ತಾನು ಎಣಿಸಿಕೊಳ್ಳುವಳು. ನಾವು ಅಷ್ಟು ವರ್ಷ ತರಗತಿಯಲ್ಲಿ ಉಪಮೆಗಳನ್ನು ಬಾಯಿಪಾಠ ಮಾಡಿಸಿದೆವು. ಶಕುಂತಲೆಯು ನೀರೆರೆಯುತ್ತಿದ್ದುದೇಕೆಂದು ಒಮ್ಮೆಯೂ ಕೇಳಲಿಲ್ಲ. ಆ ಋಣವು ನಮ್ಮ ಮೇಲಿದೆ.

ಹೊಸ ಹಾಳೆಗಳನ್ನು ಓದಿ ಮುಗಿಸಿದ ಆ ಹುಡುಗಿ, ಮದುವೆ ಯಾವಾಗ ಎಂದು ಕೇಳಲಿಲ್ಲ. “ಅಜ್ಜಿಗೆ ಹಣ ಮುಟ್ಟಿತೆ ಅಣ್ಣ?” ಎಂದಳು. ಅಣ್ಣನು ಆಗಲೇ ಸೀಸದಕಡ್ಡಿಯನ್ನು ಹೆರೆಯುತ್ತಿದ್ದನು.